ಕೊಯ್ಯದ ಹಾಸು

ಬಸ್ಸು ಕಲ್ಯಾಣದುರ್ಗ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಕದಿರಮ್ಮನಿಗೆ ಹಸಿವಾಗತೊಡಗಿತು. ಎಂಥ ನಾಚಿಕೆಗೇಡಿನ ಹೊಟ್ಟೆ ಇದು ಎಂದುಕೊಂಡಳು. ಮಗ ಸತ್ತು ಇಪ್ಪತ್ತೆರಡು ದಿನವಾಗಿದೆ, ಹಿಂದೂಪುರದಲ್ಲಿ ಅವನ ಹೆಸರಿನಲ್ಲಿ ಸಭೆ ಕರೆದಿದ್ದಾರೆ, ಆ ಸಭೆಗೆಂದು ಹೊರಟ ತಾಯಿಗೆ ಪಕ್ಕದವಳ ಮಡಿಲಿನ ಮಂಡಕ್ಕಿಯ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ. ಪಕ್ಕದವಳು ಬೆಳುಗುಪ್ಪದ ಹೆಂಗಸು. ಕದಿರಮ್ಮ ಹತ್ತುವಾಗಲೇ ಅವಳು ಯಾರೆಂದು ಕಂಡಕ್ಟರು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಿದ್ದ. ಪಕ್ಕದವಳು ಆಗಿನಿಂದ ಓರೆಗಣ್ಣಲ್ಲಿ ನೋಡುತ್ತಲೇ ಇದ್ದವಳು ಕೊನೆಗೆ ತಡೆಯಲಾರದೆ, "ಮಗ್ಗದ ಹಾಸು ಉಳಿಸಾಕೆ ಬೆಂಕೀಗೆ ಹೋದ ಹುಡುಗನ ತಾಯಿ ನೀನೇ ಏನಮ್ಮ? ಪೇಪರ್ನಾಗೆ ಬಂದಿತ್ತಂತೆ. ಪುಣ್ಯವಂತೆ ಕಣಮ್ಮ, ಅಂಥ ಮಗನ್ನ ಹೆತ್ತೆ" ಎಂದು ಒಂದು ಬೊಗಸೆ ಮಂಡಕ್ಕಿಯನ್ನು ಇವಳ ಸೆರಗಿಗೆ ಸುರಿದಳು. ಆ ಪುಣ್ಯ ನಿನಗೇ ಇರಲಿ ತಗೋ ತಾಯಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈ ಆಗಲೇ ಸೆರಗಿಗೆ ಹೋಗಿತ್ತು. ಪುಣ್ಯವಂತೆ ಎನ್ನಿಸಿಕೊಂಡು ಮಂಡಕ್ಕಿ ತಿಂದಳು, ತಿನ್ನುತ್ತಲೇ ಪಕ್ಕದವಳನ್ನೂ ತನ್ನನ್ನೂ ಬೈದುಕೊಂಡಳು. ಪೆನುಕೊಂಡದಲ್ಲಿ ಬಸ್ಸು ಬದಲಿಸುವವರೆಗೂ ಆ ಹೆಂಗಸು ತನ್ನ ಮಗನ ಮೂರ್ಛೆ ರೋಗದ ವಿಷಯ ಹೇಳುತ್ತಿದ್ದಳು.

ನಡೆದದ್ದೇನು ಎಂದು ಕದಿರಮ್ಮನಿಗೆ ಮೂರು ಜನ ಮೂರು ಸಲ ಹೇಳಿದ್ದರು, ಮೂರು ಸಲವೂ ಒಂದೇ ರೀತಿ. ಶಂಕರಯ್ಯ ಹಿಂದೂಪುರದ ಕಾಲೇಜಿನಲ್ಲಿ ಪಿ.ಯು.ಸಿ. ಓದುತ್ತಿದ್ದ, ಇದ್ದದ್ದು ನೇಕಾರರ ಸಂಘದ ವಿದ್ಯಾರ್ಥಿ ನಿಲಯದಲ್ಲಿ. ಹನ್ನೊಂದು ಹುಡುಗರು, ಮುಂದೆ ಹೆಂಚಿನ ಮನೆ, ಹಿಂದೆ ತೆಂಗಿನ ಗರಿಯ ಚಪ್ಪರ. ಚಪ್ಪರದಡಿ ಒಂದು ಗುಂಡಿಮಗ್ಗ. ಹುಡುಗರು ಕಾಲೇಜು ಮುಗಿಸಿ ಬಂದು ಇಬ್ಬಿಬ್ಬರಂತೆ ಸರದಿಯಲ್ಲಿ ನೇಯಬೇಕು, ಆ ಸೀರೆಗಳಿಂದ ಅಡುಗೆಮನೆ ನಡೆಯಬೇಕು, ಇದು ಸಂಘದ ಏರ್ಪಾಡು. ಒಂದು ಭಾನುವಾರ ಮಧ್ಯಾಹ್ನ ನೂಲಿಗೆ ಗಂಜಿ ಕಾಯಿಸುತ್ತಿದ್ದ ಒಲೆಯಿಂದ ಕಿಡಿ ಹಾರಿ ಗರಿಗೆ ಹತ್ತಿತು. ಹನ್ನೊಂದು ಜನವೂ ಬೀದಿಗೆ ಓಡಿ ಬಂದರು. ಎಲ್ಲರೂ ಬಂದಿದ್ದರು. ಆಮೇಲೆ ಶಂಕರಯ್ಯನೂ ಪರಿಗಿಯ ಬೈಲಪ್ಪನೂ ಮಗ್ಗದ ಮೇಲಿದ್ದ ಹಾಸನ್ನು ಉಳಿಸಿಕೊಳ್ಳಲು ಮತ್ತೆ ಒಳಗೆ ಹೋದರು. ಹಾಸು ಎಂದರೆ ಎಷ್ಟಾದರೂ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಅಡ್ಡ ಎಳೆ ಇನ್ನೂ ಬೀಳದ್ದು. ಒಂದು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದರೆ ನೂಲು ಸುತ್ತಿದ ದಿಂಡಿನ ಸಮೇತ ಎತ್ತಿಕೊಂಡು ಬರಬಹುದಿತ್ತು. ಅವರು ಕೊಯ್ಯಲಿಲ್ಲ, ಗಂಟು ಬಿಚ್ಚುತ್ತಾ ಕೂತರು. ಚಪ್ಪರ ಕುಸಿಯಿತು.

ಯಾಕೆ ಕೊಯ್ಯಲಿಲ್ಲ ಎಂದು ಪೊಲೀಸರು ಕೇಳಿದರಂತೆ, ಕಾಲೇಜಿನ ಪ್ರಿನ್ಸಿಪಾಲರೂ ಕೇಳಿದರಂತೆ. ನೇಕಾರರಲ್ಲಿ ಯಾರೂ ಕೇಳಲಿಲ್ಲ. ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತ ಬಂದಾಗ ಅದರ ಬಾಲವನ್ನು ಬಿಟ್ಟುಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಬಾಲದ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಹಾಗಾಗಿ ಅಪ್ಪನ ಹಾಸಿನ ಬಾಲಕ್ಕೆ ಮಗನ ಹಾಸು, ಅದಕ್ಕೆ ಮೊಮ್ಮಗನದು, ಎಲ್ಲ ಒಂದೇ ನೂಲೆಂದು ಲೆಕ್ಕ. ಸಂಘದ ಮಗ್ಗದ ಬಾಲ ಅಧ್ಯಕ್ಷ ಸುಬ್ಬರಾಯಪ್ಪನವರ ತಾತನ ಮಗ್ಗದಿಂದ ತಂದದ್ದು, ಮೂರು ತಲೆಮಾರಿನಿಂದ ಅದಕ್ಕೆ ಕತ್ತರಿ ತಾಗಿಲ್ಲ ಎಂದು ನಿಲಯಕ್ಕೆ ಸೇರುವ ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುತ್ತಿದ್ದರು. ಶಂಕ್ರ ದಸರಾ ರಜೆಗೆ ಬಂದಾಗ ನಗುತ್ತಾ, "ಅವ್ವಾ, ಅವರ ತಾತನ್ನ ನಾವು ದಿನಾ ನೇಯ್ತೀವಿ" ಎಂದಿದ್ದ. ಅವಳಿಗೂ ನಗು ಬಂದಿತ್ತು, ಆದರೂ ಹಾಸಿನ ವಿಷಯದಲ್ಲಿ ಹಾಗೆಲ್ಲ ಆಡಬಾರದು ಎಂದು ಗದರಿದ್ದಳು.

ಗದರಿದ್ದು ಅದೊಂದೇ ಸಲ ಆಗಿದ್ದರೆ ಇವತ್ತು ಈ ಬಸ್ಸಿನಲ್ಲಿ ಹೀಗೆ ಎದೆ ಹಿಡಿದುಕೊಂಡು ಕೂರುವ ಗತಿ ಬರುತ್ತಿರಲಿಲ್ಲ. ಆಗ ಅವನಿಗೆ ಏಳು ವರ್ಷ. ಗಾಳಿಪಟಕ್ಕೆ ದಾರ ಬೇಕಾಗಿತ್ತು. ಗಂಡ ನಾರಪ್ಪ ಸಂತೆಗೆ ಹೋಗಿದ್ದಾಗ ಅಪ್ಪನ ಕ್ಷೌರದ ಬ್ಲೇಡು ತಂದು ಮಗ್ಗದ ಮೇಲಿನ ಹಾಸಿನಿಂದ ನಾಲ್ಕು ಬೆರಳಗಲ ಕೊಯ್ದುಕೊಂಡಿದ್ದ. ಅವಳ ಕೈಯಲ್ಲಿ ಅಡ್ಡ ಎಳೆ ಹಾಯಿಸುವ ಮರದ ಲಾಳಿ ಇತ್ತು. ಲಾಳಿ ಹಿಡಿದ ಕೈಯಲ್ಲೇ ಹೊಡೆದಳು, ಕಿವಿಯ ಮೇಲೆ ಸೀಳಿ ರಕ್ತ ಬಂತು, ಬಂದರೂ ಬಿಡಲಿಲ್ಲ. ಕೂದಲು ಹಿಡಿದು ಬಗ್ಗಿಸಿ, "ಕೈ ಬೇಕಾದ್ರೆ ಕೊಯ್ಕೋ, ಹಾಸು ಕೊಯ್ಯಬ್ಯಾಡ. ಏನು ಹೇಳು? ಇನ್ನೊಂದು ಕಿತ ಹೇಳು" ಎಂದು ಅವನ ಬಾಯಲ್ಲಿ ಮೂರು ಸಲ ಹೇಳಿಸಿದಳು. ಕೈ ಕೊಯ್ಕೋತೀನಿ, ಹಾಸು ಕೊಯ್ಯಾಕಿಲ್ಲ. ಮೂರನೆಯ ಸಲಕ್ಕೆ ಅವನ ಅಳುವೇ ನಿಂತುಹೋಗಿತ್ತು, ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ. ಸಂಜೆ ನಾರಪ್ಪ ಬಂದು ಸಂಗತಿ ಕೇಳಿ, ಒಳ್ಳೇ ಕೆಲಸ ಮಾಡಿದೆ ಎಂದ. ಆ ರಾತ್ರಿ ಅವಳು ಮಗನಿಗೆ ತುಪ್ಪ ಹಾಕಿ ಅನ್ನ ಕಲಸಿಕೊಟ್ಟಿದ್ದಳು. ಅವನು ಉಂಡಿದ್ದ.

ಈ ಇಪ್ಪತ್ತೆರಡು ದಿನದಲ್ಲಿ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಲು ಹೋದಳು. ನಾರಪ್ಪ ಹದಿನಾಲ್ಕನೇ ದಿನವೇ ಮಗ್ಗದ ಗುಂಡಿಗೆ ಇಳಿದು ಕೂತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಅವನು ತಲೆ ಎತ್ತಲಿಲ್ಲ. "ಹಾಸು ಏರ್ಸಿ ಆಗೋಗೈತೆ, ಬುಡಾಕಾಯ್ತದಾ" ಎಂದ, ಅವಳು ಏನೂ ಕೇಳದೆ ಇದ್ದರೂ. ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು, ಒಡನೆ ಅಯ್ಯೋ ಅನ್ನಿಸಿತು, ಮತ್ತೆ ಹೇಸಿಗೆಯಾಯಿತು. ಇವತ್ತು ಬೆಳಿಗ್ಗೆ ಹೊರಡುವಾಗ, "ನಾನು ಬರಾಕಿಲ್ಲ, ನನ್ನ ಕೈಲಾಗಾಕಿಲ್ಲ. ನೀನು ಹೋಗಿ ಸಂಘದೋರು ಹೇಳ್ದಂಗೆ ಮಾಡಿ ಬಾ" ಎಂದಿದ್ದ. ಇಷ್ಟು ವರ್ಷ ಎಲ್ಲರೂ ಹೇಳಿದ ಹಾಗೆಯೇ ಮಾಡಿದ್ದಾಯಿತಲ್ಲ ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಹಿಂದೂಪುರದ ಬಸ್ಟ್ಯಾಂಡಿನಲ್ಲಿ ಇಳಿದರೆ ಬೆಲ್ಲದ ಮಂಡಿಯ ವಾಸನೆ. ಗಾಡಿಗಳು, ಹುಣಸೆಹಣ್ಣಿನ ಮೂಟೆಗಳು, ಕೂಗಾಡುವ ದಲ್ಲಾಳಿಗಳು, ಎಲ್ಲ ಇದ್ದ ಹಾಗೇ ಇತ್ತು. ಹೋದ ಜೂನಿನಲ್ಲಿ ಶಂಕ್ರನನ್ನು ಸೇರಿಸಲು ಬಂದಾಗ ಇದೇ ದಾರಿಯಲ್ಲಿ ಅವನು ಟ್ರಂಕು ಹೊತ್ತು ಮುಂದೆ, ಇವಳು ಹಿಂದೆ. ಅವಳ ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿ ಕುಂಟುತ್ತಿದ್ದಾಗ ಅವನು ಹಿಂದಿರುಗಿ ನೋಡಿ, ಬೇರೆ ಹುಡುಗರು ನೋಡುತ್ತಾರೆಂದು ಇನ್ನೂ ಜೋರಾಗಿ ನಡೆದಿದ್ದ. ಆಗ ಮನಸ್ಸಿಗೆ ನೋವಾಗಿತ್ತು. ಈಗ ಆ ಜೋರು ನಡಿಗೆ ನೆನೆದು, ಹಂಗೇ ಓಡಬೇಕಿತ್ತು ಕಣ್ಲಾ, ಯಾರನ್ನೂ ತಿರುಗಿ ನೋಡದೆ ಹಂಗೇ ಓಡಬೇಕಿತ್ತು, ಎಂದು ಬೀದಿಯಲ್ಲೇ ಗಟ್ಟಿಯಾಗಿ ಅಂದುಬಿಟ್ಟಳು. ಗಾಡಿಯವನೊಬ್ಬ ತನಗೇ ಹೇಳಿದಳೆಂದುಕೊಂಡು ಎತ್ತನ್ನು ನಿಲ್ಲಿಸಿದ.

ನಿಲಯದ ಮುಂದೆ ಶಾಮಿಯಾನ ಹಾಕಿದ್ದರು. ಜಗಲಿಯ ಮೇಲೆ ಒಂಬತ್ತು ಹುಡುಗರು ಸಾಲಾಗಿ ಕೂತಿದ್ದರು, ಒಂಬತ್ತು ತಲೆಗಳೂ ಬೋಳು, ಈಗಷ್ಟೇ ಕೂದಲು ಚಿಗುರುತ್ತಿತ್ತು. ಒಬ್ಬರಿಗೊಬ್ಬರು ರಕ್ತಸಂಬಂಧ ಇಲ್ಲದವರು, ಆದರೂ ಒಂದೇ ಒಲೆಯ ಅನ್ನ ಉಂಡವರು ಅಣ್ಣತಮ್ಮಂದಿರೇ ಎಂದು ಹನ್ನೊಂದು ದಿನ ಸೂತಕ ಹಿಡಿದು, ತಲೆ ಬೋಳಿಸಿಕೊಂಡು, ಕಾಲೇಜಿನ ಪರೀಕ್ಷೆಗೂ ಹೋಗಿರಲಿಲ್ಲ. ಪ್ರಿನ್ಸಿಪಾಲರು ಇದಕ್ಕೆಲ್ಲ ರಜೆ ಇಲ್ಲ ಎಂದರೆ, ನಮ್ಮ ಮನೆಯಲ್ಲಿ ಸಾವಾಗಿದೆ ಸಾರ್ ಎಂದರಂತೆ. ಕದಿರಮ್ಮನನ್ನು ಕಂಡು ಒಂಬತ್ತು ಜನವೂ ಎದ್ದು ನಿಂತರು. ಅವಳು, ತಾನು ಆ ಬೋಳು ತಲೆಗಳ ನಡುವೆ ಹತ್ತನೆಯದನ್ನು ಹುಡುಕುತ್ತಿದ್ದೇನೆ ಎಂದು ತಿಳಿದಾಗ ನೆಲ ನೋಡಿದಳು.

ಸುಬ್ಬರಾಯಪ್ಪನವರು ಬಂದು ಕೈಮುಗಿದು, ತೆಲುಗಿನಲ್ಲಿ "ರಂಡಮ್ಮಾ, ರಂಡಿ", ಎಂದರೆ ಬನ್ನಿ ತಾಯಿ ಬನ್ನಿ, ಎಂದು ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದರು. ಅವರು ಕೆಟ್ಟವರಲ್ಲ. ಶಂಕ್ರನಿಗೆ ಫೀಸು ಮಾಫಿ ಮಾಡಿಸಿದವರು, ಹೆಣ ಸಾಗಿಸಲು ತಮ್ಮ ಲಾರಿ ಕೊಟ್ಟವರು. ಅದೇ ಕಷ್ಟವಾಗಿತ್ತು. ಅವಳು ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲದೆ ಅಂಚಿಗೆ ಜಾರಿ ಕೂತಳು. ಪಕ್ಕದ ಕುರ್ಚಿಯಲ್ಲಿ ಬೈಲಪ್ಪನ ತಾಯಿ ತಿಪ್ಪಕ್ಕ ಇದ್ದಳು, ಪರಿಗಿಯಿಂದ ಬೆಳಿಗ್ಗೆಯೇ ಬಂದವಳು, ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಎದುರಿಗೆ ಒಂದು ಆಳೆತ್ತರದ ಕಲ್ಲು. ಅದರ ಮೇಲೆ ಸುಣ್ಣದ ನೀರಿನಲ್ಲಿ ತೆಲುಗು ಅಕ್ಷರ ಬರೆದಿದ್ದರು, ಕೆತ್ತುವುದು ಬಾಕಿ. "ಮೊದಲ ಉಳಿ ಏಟು ತಾಯಂದಿರೇ ಹಾಕ್ಬೇಕು ಅಂತ ಕಮಿಟಿಯಾಗೆ ತೀರ್ಮಾನ ಆಯ್ತು. ನೀವು ಏನೂ ಮಾತಾಡ್ಬೇಕಾಗಿಲ್ಲ. ಕೂಗಿದಾಗ ಎದ್ದು ಬಂದು, ಹಿಂಗೆ ಉಳಿ ಇಟ್ಟು, ಒಂದು ಏಟು. ಅಷ್ಟೇ" ಎಂದು ಸುಬ್ಬರಾಯಪ್ಪನವರು ಕೈಸನ್ನೆ ಮಾಡಿ ತೋರಿಸಿದರು. ಕಲ್ಲಿನ ಮೇಲೆ ಏನು ಬರೆದಿದೆ ಎಂದು ಅವಳು ಕೇಳಿದಳು. ಅವರು ಕಲ್ಲಿನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ಓದಿ, ಕನ್ನಡದಲ್ಲೂ ಹೇಳಿದರು: ಸಂಘದ ಸೊತ್ತನ್ನು ಉಳಿಸಲು ಪ್ರಾಣವನ್ನೇ ಅರ್ಪಿಸಿದ ವೀರ ವಿದ್ಯಾರ್ಥಿಗಳು. ಕೆಳಗೆ ಇಬ್ಬರ ಹೆಸರು. ಅದರ ಕೆಳಗೆ ಎರಡು ಸಾಲು ತುಂಬ ಇನ್ನೂ ದಪ್ಪ ಅಕ್ಷರ ಇತ್ತು. ಅದೇನು ಎಂದಳು. ಅವರು ಸ್ವಲ್ಪ ಸಂಕೋಚದಿಂದ, ಅದು ಕಲ್ಲು ಹಾಕಿಸಿದವರ ವಿವರ ಎಂದರು.

ಸಭೆಗೆ ಇನ್ನೂ ಒಂದು ಗಂಟೆ ಇತ್ತು. ಹುಡುಗರು ಊಟಕ್ಕೆ ಕರೆದರು. ಅಡುಗೆಮನೆ ಸುಟ್ಟಿರಲಿಲ್ಲ, ಗೋಡೆ ಮಾತ್ರ ಕಪ್ಪಾಗಿತ್ತು. ದಾಸಣ್ಣ ಎಂಬ ಹುಡುಗ ಬಡಿಸಿದ. ಶಂಕ್ರನ ಜೊತೆಗಾರ, ದಸರೆಯಲ್ಲಿ ಅವನ ಜೊತೆ ಕಲ್ಯಾಣದುರ್ಗಕ್ಕೂ ಬಂದು ಎರಡು ದಿನ ಇದ್ದು, ಆಗಿನಿಂದ ಅವಳನ್ನು ಅತ್ತೆ ಎನ್ನುತ್ತಿದ್ದವನು. ರೇಷನ್ನಿನ ಅಮೆರಿಕದ ಗೋಧಿಯ ರೊಟ್ಟಿ, ಹುರುಳಿ ಸಾರು. ಅವಳು ಮೂರು ರೊಟ್ಟಿ ತಿಂದಳು, ಇಲ್ಲಿ ನಾಚಿಕೆಯಾಗಲಿಲ್ಲ. ನಾಲ್ಕನೆಯದನ್ನು ಹಾಕಲು ಬಗ್ಗಿದವನು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಅತ್ತೇ, ಒಂದು ಮಾತು ಹೇಳ್ಬೇಕು. ಪೊಲೀಸ್ನೋರಿಗೆ ಹೇಳಿಲ್ಲ. ಸುಬ್ಬರಾಯಪ್ಪನೋರಿಗೂ ಹೇಳಿಲ್ಲ."

"ಹೇಳಪ್ಪ."

"ನಾನೂ ಒಳಗೆ ಹೋಗಿದ್ದೆ. ಮೂರು ಜನ ಹೋಗಿದ್ವಿ."

ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಶಂಕ್ರ ಬ್ಲೇಡ್ ತಗಂಡಿದ್ದ. ಒಳಗೆ ಹೋಗಿದ್ದೇ ಕೊಯ್ಯಾಕೆ ಅಂತ. ಕೊಯ್ದು ಎತ್ಕಂಡು ಓಡೋಣ ನಡೀರಿ ಅಂದ. ನಾನೇ ಅವನ ಕೈ ಹಿಡ್ದೆ. ಕೊಯ್ಯಬ್ಯಾಡ್ಲಾ, ಬಿಚ್ಚಾನ, ಎಷ್ಟೊತ್ತು ಹಿಡೀತದೆ ಅಂದೆ. ಬೈಲಪ್ಪನೂ ಹೂಂ ಅಂದ. ಶಂಕ್ರ ನನ್ನ ಮುಖ ನೋಡ್ದ. ಬ್ಲೇಡ್ ಕೆಳಗೆ ಹಾಕ್ಬುಟ್ಟ. ನಾನು ಲಾಳಿ ಪೆಟ್ಟಿಗೆ ಎತ್ಕಂಡು ಆಚೆ ಇಟ್ಟು ಬತ್ತೀನಿ ಅಂತ ಬಂದೆ ಅತ್ತೆ. ಇಟ್ಟು ತಿರುಗೋದ್ರಾಗೆ..."

ಕದಿರಮ್ಮನಿಗೆ ಮೊದಲು ಬಂದದ್ದು ದುಃಖವಲ್ಲ. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ತನ್ನನ್ನೇ ಹಳಿದುಕೊಂಡಳು. ಮೊದಲು ಬಂದದ್ದು ಸಂತೋಷ. ಮಗ ತನ್ನ ಮಾತು ಕೇಳಿರಲಿಲ್ಲ. ಕಿವಿ ಸೀಳಿ, ಕೂದಲು ಹಿಡಿದು ಮೂರು ಸಲ ಹೇಳಿಸಿದ್ದನ್ನು ಅವನು ಎಂದೋ ಕೊಡವಿ ಎಸೆದಿದ್ದ. ಬ್ಲೇಡು ಹಿಡಿದಿದ್ದ. ಜಾಣ ನನ್ನಪ್ಪ, ಜಾಣ, ಎಂದು ಅವಳ ಒಳಗೆ ಯಾರೋ ಕುಣಿದರು. ಹಾಗಾದರೆ ನಾನು ಕೊಲ್ಲಲಿಲ್ಲ. ಎದುರಿಗೆ ಕೂತ ಈ ಬೋಳು ತಲೆಯ ಹುಡುಗ ಕೊಂದದ್ದು. ಹೀಗೆ ಅನ್ನಿಸಿದ ಕೂಡಲೇ ಅವಳ ಎಂಜಲು ಕೈ ಮೇಲೆದ್ದಿತು. ದಾಸಣ್ಣ ಮುಖವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಮುಂದೆ ತಂದ, ಹೊಡೆಯಲಿ ಎಂದೇ. ಆ ಮುಖ ಏಳು ವರ್ಷದ ಹುಡುಗನ ಮುಖವಾಗಿತ್ತು, ಪಾಠ ಒಪ್ಪಿಸುವವನದು. ಅವಳ ಕೈ ಅಲ್ಲೇ ನಿಂತು ಅದರಿಂದ ಸಾರು ತೊಟ್ಟಿಕ್ಕಿತು.

"ನಿಂಗ್ಯಾರು ಹೇಳಿಕೊಟ್ರು, ಹಾಸು ಕೊಯ್ಯಬಾರ್ದು ಅಂತ?" ಎಂದಳು.

"ನಮ್ಮಮ್ಮ."

"ಹೊಡ್ದಿದ್ಲಾ?"

ಅವನು ಅಂಗಿಯ ತೋಳು ಸರಿಸಿ ಮೊಣಕೈ ಮೇಲೆ ಕಾಯಿಸಿದ ಸೌಟಿನ ಬರೆ ತೋರಿಸಿದ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಬೈಲಪ್ಪನ ಮೈಮೇಲೂ ಎಲ್ಲೋ ಒಂದು ಇದ್ದೇ ಇರಬೇಕು, ತಿಪ್ಪಕ್ಕನಿಗೆ ಅದು ಎಲ್ಲಿ ಎಂದು ಗೊತ್ತಿರಬೇಕು, ಅದಕ್ಕೇ ಸೆರಗು ಬಾಯಿಗೆ ತುರುಕಿಕೊಂಡಿದ್ದಾಳೆ. ಈ ಊರು ಆ ಊರು ಎನ್ನದೆ ಎಲ್ಲ ಮಗ್ಗದ ಮನೆಗಳಲ್ಲೂ ಒಬ್ಬೊಬ್ಬ ತಾಯಿ ಲಾಳಿಯನ್ನೋ ಸೌಟನ್ನೋ ಹಿಡಿದು ನಿಂತಿದ್ದಾಳೆ. "ರೊಟ್ಟಿ ಹಾಕು. ನೀನೂ ತಟ್ಟೆ ಇಟ್ಕಂಡು ಕೂತ್ಕೋ. ಇಪ್ಪತ್ತೆರಡು ದಿನದಿಂದ ಉಂಡಿಲ್ಲ ಅನ್ನಾದು ನಿನ್ನ ಮುಖದಾಗೇ ಕಾಣ್ತದೆ" ಎಂದಳು. ಅವನು ಅಳುತ್ತಾ ತಿಂದ, ಅವಳು ತಿನ್ನುವುದನ್ನು ಕಾದು ಕೂತಳು.

ಸಭೆ ಶುರುವಾಯಿತು. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಕನ್ನಡಕ ಒರೆಸಿಕೊಂಡರು. ಸುಬ್ಬರಾಯಪ್ಪನವರು ತೆಲುಗಿನಲ್ಲಿ, ಮೂರು ತಲೆಮಾರಿನ ಹಾಸಿನ ನೂಲಿಗೆ ಕತ್ತರಿ ಮುಟ್ಟಿಸುವುದಕ್ಕಿಂತ ಪ್ರಾಣ ಬಿಡುವುದೇ ಮೇಲೆಂದ ಈ ಮಕ್ಕಳ ತ್ಯಾಗವನ್ನು ನಮ್ಮ ಕುಲ ಮರೆಯಲಾರದು, ಉಳಿದ ಒಂಬತ್ತು ಜನರೂ ಇದೇ ದಾರಿಯಲ್ಲಿ ನಡೆಯಲಿ ಎಂದರು. ಜನ ಚಪ್ಪಾಳೆ ತಟ್ಟಿದರು. ಇದೇ ದಾರಿಯಲ್ಲಿ. ಕದಿರಮ್ಮ ಜಗಲಿಯ ಕಡೆ ನೋಡಿದಳು. ಒಂಬತ್ತು ಜನ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಅವರಲ್ಲಿ ಇಬ್ಬರ ಕಣ್ಣಿನಲ್ಲಿ ಹೊಳಪು ಬಂದಿತ್ತು. ನಾಳೆ ಎಲ್ಲಾದರೂ ಬೆಂಕಿ ಬಿದ್ದರೆ ಈ ಇಬ್ಬರು ಹೋಗುತ್ತಾರೆ, ಎಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ತಿಳಿಯಿತು. ಅಷ್ಟರಲ್ಲಿ ಹೆಸರು ಕೂಗಿದರು. ಸೀರೆ ಕುರ್ಚಿಯ ಮೊಳೆಗೆ ಸಿಕ್ಕಿಕೊಂಡಿತು, ಎಲ್ಲರೂ ನೋಡುತ್ತಿರುವಾಗ ಬಗ್ಗಿ ಬಿಡಿಸಿಕೊಳ್ಳಬೇಕಾಯಿತು, ಯಾರೋ ಕಿಸಕ್ಕೆಂದರು. ಆ ನಗುವೇ ಅವಳಿಗೆ ಧೈರ್ಯ ಕೊಟ್ಟಿತು.

ಕಲ್ಲುಕುಟಿಗ ಉಳಿ ಸುತ್ತಿಗೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ನೀರಿನ ಚೊಂಬಿನಲ್ಲಿ ಅಂಗೈ ಅದ್ದಿ ಕಲ್ಲಿನಲ್ಲಿ ಹೆಸರುಗಳ ಮೇಲಿದ್ದ ಸಾಲನ್ನು ಒರೆಸಿದಳು. ಸುಣ್ಣ ಹಾಲಿನಂತೆ ಇಳಿಯಿತು.

"ಏನಮ್ಮಾ ಇದು" ಎಂದು ಸುಬ್ಬರಾಯಪ್ಪನವರು ಎದ್ದರು.

"ಇದು ಸುಳ್ಳು ಸ್ವಾಮಿ. ನನ್ನ ಮಗ ಪ್ರಾಣ ಅರ್ಪಿಸಿಲ್ಲ. ಅವನಿಗೆ ಬದುಕ್ಬೇಕಾಗಿತ್ತು. ಬ್ಲೇಡ್ ಹಿಡ್ದಿದ್ದ. ನಾವು ಕೆಳಗೆ ಹಾಕ್ಸಿದ್ವಿ. ನಾನು, ನೀವು, ಈ ತಿಪ್ಪಕ್ಕ, ಎಲ್ರೂ. ಏಳು ವರ್ಷದ ಮಗೂಗೆ ನಾನು ಲಾಳೀಲಿ ಹೊಡ್ದು, ಕೈ ಕೊಯ್ಕೋ ಹಾಸು ಕೊಯ್ಯಬ್ಯಾಡ ಅಂತ ಹೇಳಿಸ್ದೆ. ಇವತ್ತು ನಿಮ್ಮೆಲ್ರ ಮುಂದೆ ಹೇಳ್ತೀನಿ, ನಾನು ಹೇಳಿದ್ದು ತಪ್ಪು."

"ಅಮ್ಮಾ, ನಿಮ್ಮ ಸಂಕಟ ನಮಗೆ ಅರ್ಥ ಆಯ್ತದೆ. ಕೂತ್ಕಳಿ. ಕುಲದ ಮಾನದ ಪ್ರಶ್ನೆ ಇದು."

"ಮಾನ ನಾಳೆ ನೇಯ್ಕಳಾನ."

ಜಗಲಿಯ ಮೇಲೆ ದಾಸಣ್ಣ ಎದ್ದು ನಿಂತ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಉಳಿದವರೆಲ್ಲ. ಅವರು ಏನೂ ಮಾಡಲಿಲ್ಲ, ನಿಂತರು ಅಷ್ಟೇ. ದಾಸಣ್ಣ ಇಳಿದು ಬಂದು ಕಲ್ಲಿನ ಬುಡದಲ್ಲಿದ್ದ ಸುಣ್ಣದ ಬಟ್ಟಲನ್ನೂ ಬರೆಯುವ ಕಡ್ಡಿಯನ್ನೂ ಎತ್ತಿಕೊಂಡು, "ಏನು ಬರೀಬೇಕು ಅತ್ತೆ" ಎಂದ. ಅವಳು ಇದನ್ನು ಯೋಚಿಸಿರಲಿಲ್ಲ.

"ಈ ಮಕ್ಕಳು ಸಾಯಬೇಕಾಗಿರಲಿಲ್ಲ ಅಂತ ಬರಿ. ಬೆಂಕಿ ಬಿದ್ದರೆ ಹಾಸು ಕೊಯ್ದು ಓಡಿ ಅಂತ ಬರಿ. ತೆಲುಗ್ನಾಗಾದ್ರೂ ಬರಿ, ಕನ್ನಡದಾಗಾದ್ರೂ ಬರಿ, ಓದೋ ಹುಡುಗ್ರಿಗೆ ತಿಳಿದ್ರೆ ಸಾಕು."

ಕಲ್ಲುಕುಟಿಗ ಮೊಳ ಹಾಕಿ ನೋಡಿ, ಅಷ್ಟೊಂದು ಅಕ್ಷರಕ್ಕೆ ಜಾಗ ಸಾಲದು ಎಂದ. ಅವನದು ಅವನ ಕೆಲಸದ ಮಾತು.

"ಕೆಳಗೆ ದಪ್ಪಗೆ ಬರ್ದವ್ರಲ್ಲ ಎರಡು ಸಾಲು, ಅದನ್ನ ಅಳಿಸು. ಜಾಗ ಆಯ್ತದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದ ಹಾಗೆ ಮಾಡಿದರು. ಸುಬ್ಬರಾಯಪ್ಪನವರ ಮುಖ ಕೆಂಪಾಯಿತು. ಅವರು ಅವಳನ್ನು ಬಿಟ್ಟು ತಿಪ್ಪಕ್ಕನ ಕಡೆ ತಿರುಗಿ, "ತಿಪ್ಪಕ್ಕಾ, ನೀನಾದ್ರೂ ಬಾರಮ್ಮ. ನೀನು ತಿಳುವಳಿಕೆ ಇರೋಳು. ಉಳಿ ತಗೋ" ಎಂದರು. ತಿಪ್ಪಕ್ಕ ಎದ್ದಳು. ಬೆಳಗಿನಿಂದ ಒಂದು ಮಾತೂ ಆಡದವಳು ನಿಧಾನವಾಗಿ ನಡೆದು ಬಂದು ಕುಟಿಗನ ಕೈಯಿಂದ ಉಳಿ ತೆಗೆದುಕೊಂಡಳು. ಇವಳು ಹೊಡೆದುಬಿಟ್ಟರೆ ಮುಗಿಯಿತು, ಇವಳೂ ತಾಯಿಯೇ, ಇವಳಿಗೂ ಅಷ್ಟೇ ಹಕ್ಕು ಎಂದುಕೊಂಡಳು ಕದಿರಮ್ಮ. ದಾಸಣ್ಣ ಕಲ್ಲಿನ ಮುಂದೆ ಮಂಡಿಯೂರಿ ಬರೆಯುತ್ತಲೇ ಇದ್ದ, ಕಡ್ಡಿ ಕರಕರ ಎನ್ನುತ್ತಿತ್ತು. ಅವನು ಮುಗಿಸಿ ಪಕ್ಕಕ್ಕೆ ಸರಿಯುವವರೆಗೂ ತಿಪ್ಪಕ್ಕ ಉಳಿ ಹಿಡಿದು ಕಾದಳು. ಅವಳಿಗೂ ಓದಲು ಬರುತ್ತಿರಲಿಲ್ಲ. ಬಾಯಿಂದ ಸೆರಗು ತೆಗೆದು ಹುಡುಗನನ್ನು ಕೇಳಿದಳು.

"ಓಡಿ ಅನ್ನಾದು ಎಲ್ಲೈತೆ?"

ಅವನು ಬೆರಳಿಟ್ಟು ತೋರಿಸಿದ. ತಿಪ್ಪಕ್ಕ ಉಳಿಯ ಮೊನೆಯನ್ನು ಅಲ್ಲಿಟ್ಟು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕದಿರಮ್ಮನ ಕಡೆ ತಿರುಗಿ, "ಹೊಡಿಯಕ್ಕ" ಎಂದಳು.